ಹಿತ್ತಲು ಕಡಿಯುವ ದಿಕ್ಕು

ಅಪ್ಪನಿಗೆ ಸಿರುಗುಪ್ಪಕ್ಕೆ ವರ್ಗವಾಗಿ, ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಮೂರು ವರ್ಷ ಬೀಗ ಬಿದ್ದಿತ್ತು. ಮರಳಿ ಬಂದಾಗ ಹಿತ್ತಲೆಲ್ಲ ಜಾಲಿಮುಳ್ಳು. ಬಾಣಂತಿ ಅಕ್ಕ ಹನ್ನೊಂದು ದಿನದ ಕೂಸಿನೊಂದಿಗೆ ಮಲಗುತ್ತಿದ್ದದ್ದು ಆ ಹಿತ್ತಲಿಗೆ ಹೊಂದಿಕೊಂಡ ಕೋಣೆಯಲ್ಲಿ. ಅದಕ್ಕೇ ಅವ್ವ ಕುರುಗೋಡಿನಿಂದ ಒಬ್ಬ ಮುದುಕನನ್ನು ಕರೆಸಿದಳು.

ಕುಡಗೋಲು, ಕೊಡಲಿ, ಸಲಿಕೆ, ತುದಿ ಕವಲೊಡೆದ ಒಂದು ಉದ್ದನೆಯ ಕೋಲು, ಇಷ್ಟೇ ಅವನ ಸಾಮಾನು. ಕವೆಗೋಲಿನಿಂದ ಮುಳ್ಳುಟೊಂಗೆಯನ್ನು ಅದುಮಿ ಹಿಡಿದು ಬುಡಕ್ಕೆ ಕುಡಗೋಲು ಹಾಕುತ್ತಿದ್ದ. ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ದಿಕ್ಕಿನ ಬಗ್ಗೆ. ಅವನು ಅಕ್ಕನ ಕೋಣೆಯ ಹಿತ್ತಲ ಬಾಗಿಲ ಮೆಟ್ಟಿಲಿನಿಂದಲೇ ಶುರುಮಾಡಿದ್ದ. ಕಣ್ಣಿಗೆ ಬೀಳುವಷ್ಟನ್ನು ಬೋಳಿಸಿ ದೂರದ್ದನ್ನು ಹಾಗೇ ಬಿಟ್ಟುಹೋಗುವ ಹಂಚಿಕೆ ಇದು ಎಂದು ತೀರ್ಮಾನಿಸಿದೆ. ಎದುರಾಳಿ ಮಾತು ಆರಂಭಿಸುವ ಜಾಗ ನೋಡಿಯೇ ಅವನು ಮುಚ್ಚಿಡುವುದೇನೆಂದು ಹೇಳಬಲ್ಲೆನೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಹೆಸರಿತ್ತು.

"ತಾತಾ, ಹಿತ್ತಲ ಆ ತುದಿ ಗೋಡಿ ಕಡಿಂದ ಕಡಕೋಂತ ಬಾ."

"ಬ್ಯಾಡವ್ವಾ. ಮನಿ ಕಡಿಂದ ಹೊರಗ ಹೋಗ್ಬೇಕು. ಪದ್ಧತಿ ಐತಿ."

"ಪದ್ಧತಿ ಅಂದ್ರ ಕಾರಣ ಅಲ್ಲ. ಕಾರಣ ಹೇಳು."

ಮುಳ್ಳಿನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಉತ್ತರವಿಲ್ಲದವನ ಮೌನ, ಬೇರೇನು? ಗೆದ್ದೆ. ಸಾಮಾನು ಹೊತ್ತು ಗೋಡೆಯತ್ತ ಹೊರಟವನು ತಿರುಗಿ, "ಹಂಗಾರ ಈ ಬಾಗ್ಲರ ಹಾಕ್ಕೊಳ್ರಿ," ಎಂದ.

ನನ್ನ ಅನುಮಾನ ಬಲಿಯಿತು. ಬಾಗಿಲು ಹಾಕಿ ಎನ್ನುವವನಿಗೆ ತನ್ನ ಕೆಲಸವನ್ನು ಯಾರೂ ನೋಡುವುದು ಬೇಡ. ಎರಡೂ ಕದ ತೆಗೆದು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕಾಯಲು ಕುಳಿತೆ.

ಅರ್ಧ ಹಿತ್ತಲು ಬಯಲಾಗುವಷ್ಟರಲ್ಲಿ ಮಾರುದ್ದದ ಹಾವು ನನ್ನ ಮಣೆಯ ಪಕ್ಕದಿಂದಲೇ ಒಳಗೆ ಹರಿದು ಅಕ್ಕನ ಮಂಚದ ಕೆಳಗೆ ಸೇರಿತು. ಅಕ್ಕ ಕೂಸನ್ನು ಎದೆಗವಚಿಕೊಂಡು ಮಂಚದ ಮೇಲೆ ಗೋಡೆಗೆ ಒತ್ತಿ ಕುಳಿತಳು. ನನ್ನ ಕೂಗಿಗೆ ಬಂದ ಮುದುಕ ಕವೆಗೋಲಿನಿಂದ ಅದರ ಕತ್ತನ್ನು ಒತ್ತಿಹಿಡಿದು, ಎತ್ತಿಕೊಂಡು ಹೋಗಿ ಗೋಡೆಯಾಚೆ ಬಿಟ್ಟ.

"ಹಾವು ಬರ್ತೈತಂತ ಮೊದ್ಲ ಹೇಳಾಕ ಏನಾಗಿತ್ತು?"

"ಕೆಲಸ ಮುಗಿಯೂತನ ಅದರ ಹೆಸರು ತಗೀಬಾರದವ್ವಾ. ಕರದಂಗ ಆಕ್ಕೈತಿ."

"ಯಾರೂ ಕರೀಲಿಲ್ಲ. ಆದ್ರೂ ಬಂತಲ್ಲ?"

"ಬಾಗ್ಲ ತಗದು ಕುಂತ ಮ್ಯಾಲ ಕರಿಯೂದು ಬ್ಯಾರೆ ಬೇಕೇನು?"

ಹುಳಕ್ಕೆ ಹೊರಗೋಡಲು ದಾರಿ ಇರಲೆಂದು ಮನೆಯ ಕಡೆಯಿಂದ ಕಡಿಯುವುದು ಒಪ್ಪತಕ್ಕದ್ದು. ಹೆಸರೆತ್ತಿದರೆ ಬರುತ್ತದೆಂಬುದನ್ನು ಇವತ್ತಿಗೂ ಒಪ್ಪೆ. ಇವೆರಡನ್ನು ಬಿಡಿಸಿ ಅಕ್ಕನಿಗೆ ವಿವರಿಸುತ್ತಲೇ ಕೂಸಿಗೆ ಕೈಚಾಚಿದೆ. ಅವಳು ಅದಕ್ಕೆ ಸೆರಗು ಹೊದಿಸಿ ಅತ್ತ ತಿರುಗಿದಳು.