ಎರಡನೇ ಲಕ್ಷ್ಮಮ್ಮ

ಇದನ್ನ ನಂಬಿ ಅಂತ ನಾನು ಯಾರನ್ನೂ ಕೇಳ್ತಿಲ್ಲ. ನನ್ನ ಗಂಡನೇ ನಂಬಿಲ್ಲ. ಆದ್ರೆ ಆ ರಾತ್ರಿ ನನಗೆ ನಿದ್ದೆಗಣ್ಣೂ ಇರಲಿಲ್ಲ, ಜ್ವರಾನೂ ಇರಲಿಲ್ಲ. ಕಣ್ಣಾರೆ ಕಂಡಿದ್ದು, ಕಿವಿಯಾರೆ ಕೇಳಿದ್ದು, ಅಷ್ಟನ್ನೇ ಹೇಳ್ತೀನಿ.

ನಾನು ರೂಪ. ನಮ್ಮೂರು ಮಗ್ಗೆ. ಆಲೂರಿಂದ ಸಕಲೇಶಪುರದ ಕಡೆ ಹೋಗುವಾಗ ಗುಡ್ಡದ ಮೇಲೊಂದು ಚಿಕ್ಕ ಆಸ್ಪತ್ರೆ... ಹೆಸರು ಬೇಡ ಬಿಡಿ. ಸುತ್ತಲಿನ ಕಾಫಿ ಎಸ್ಟೇಟ್ ಕೂಲಿಯೋರ ಸಾಲುಮನೆ, ಅಂದ್ರೆ ಲೈನ್‌ಗಳ ಜನ ಹುಷಾರು ತಪ್ಪಿದ್ರೆ ಬರೋದು ಅಲ್ಲಿಗೇ. ರೋಗಿಗಳ ದಾಖಲೆ ಇರೋ ಡೇಟಾಬೇಸ್ ನೋಡ್ಕೊಳ್ಳೋದು ನನ್ನ ಕೆಲಸ.

ದಪ್ಪ ಪುಸ್ತಕದ ಕೊನೇಲಿ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತಲ್ಲ, ಡೇಟಾಬೇಸಿಗೂ ಅಂಥದ್ದೇ ಇರುತ್ತೆ. ಇಂಡೆಕ್ಸ್ ಅಂತೀವಿ. ಅದು ಸರಿಯಾಗಿದ್ರೆ ಕೌಂಟರಲ್ಲಿ ಹೆಸರು ಒತ್ತಿದ ತಕ್ಷಣ ದಾಖಲೆ ಬರುತ್ತೆ. ಕೆಟ್ಟಿದ್ರೆ ಜ್ವರದೋರು ಸಾಲಲ್ಲಿ ನಿಂತೇ ಇರಬೇಕು. ಈ ಇಂಡೆಕ್ಸ್‌ಗಳ ಉಸ್ತುವಾರಿ ಪೂರ್ತಿ ಒಂದು ಆಟೊಮೇಷನ್ ಟೂಲ್‌ಗೆ ವಹಿಸಿದ್ದೆ. ಕೌಂಟರ್ ಮುಚ್ಚಿರೋ ಹೊತ್ತಲ್ಲಿ, ರಾತ್ರಿ ಎರಡಕ್ಕೆ ಅದು ತಾನಾಗೇ ಶುರುವಾಗಿ, ಹಳೇ ಇಂಡೆಕ್ಸ್ ತೆಗೆದು ಹೊಸದಾಗಿ ಕಟ್ಟಿ, ನನ್ನ ಫೋನಿಗೆ ವರದಿ ಕಳಿಸೋದು.

ಅದರಲ್ಲೊಂದು ಇಂಡೆಕ್ಸಿಗೆ ಕಟ್ಟುನಿಟ್ಟಿನ ನಿಯಮ. ಒಬ್ಬರಿಗೆ ಒಂದೇ ದಾಖಲೆ. ಹೆಸರು, ಗಂಡನ ಹೆಸರೋ ತಂದೆ ಹೆಸರೋ, ಫೋನ್ ನಂಬರು, ಈ ಮೂರೂ ಒಂದೇ ಆಗಿರೋ ಎರಡು ದಾಖಲೆ ಸಿಕ್ಕಿದ್ರೆ ಇಂಡೆಕ್ಸ್ ಕಟ್ಟೋಕೇ ಆಗಲ್ಲ. ದೀಪಾವಳಿ ಕಳೆದ ಮೇಲೆ ಮೊದಲ ಸಲ ಕಟ್ಟೋಕೆ ಹೋದಾಗ ಇಂಥ ಜೋಡಿಗಳು ಬೇಕಾದಷ್ಟು ಸಿಕ್ಕಿದ್ವು.

"ಒಬ್ಬರೇ ಎರಡೆರಡು ಸಲ ಹೆಸರು ಬರೆಸಿರ್ತಾರೆ ಕಣಮ್ಮ. ಹಳೇದು ಅಳಿಸು, ಹೊಸದು ಇಟ್ಕೋ," ಅಂದ್ರು ನಮ್ಮ ಮ್ಯಾನೇಜರ್.

ಒಂದೊಂದನ್ನೂ ತೆಗೆದು ನೋಡಬೇಕಿತ್ತು. ಊಟದ ಹೊತ್ತಾಗಿತ್ತು. ಹಳೇವನ್ನೆಲ್ಲಾ ಒಟ್ಟಿಗೆ ಅಳಿಸು ಅಂತ ಒತ್ತಿಬಿಟ್ಟು ಕೈ ತೊಳೆಯೋಕೆ ಹೋದೆ.

ಕಾಫಿ ಕೊಯ್ಲು ಮುಗಿದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ವರದೀಲಿ ಕೆಂಪು ಸಾಲು. 'ಇಂಡೆಕ್ಸ್ ಕಟ್ಟಲಾಗಲಿಲ್ಲ. ಒಂದೇ ಥರದ ಎರಡು ದಾಖಲೆಗಳಿವೆ.' ಹೆಸರು ಲಕ್ಷ್ಮಮ್ಮ. ಗಂಡ ರಂಗಯ್ಯ.

ಆಸ್ಪತ್ರೆಗೆ ಹೋಗಿ ಹುಡುಕಿದೆ. ಇದ್ದಿದ್ದು ಒಬ್ಬಳೇ ಲಕ್ಷ್ಮಮ್ಮ! ನಾನೇ ಇಂಡೆಕ್ಸ್ ಕಟ್ಟಿದೆ, ಏನೂ ತಕರಾರಿಲ್ಲದೆ ಆಯ್ತು.

ಮಾರನೇ ದಿನ ಮತ್ತೆ ಅದೇ ಕೆಂಪು ಸಾಲು. ಅದರ ಮಾರನೇ ದಿನಾನೂ... ರಾತ್ರಿ ಇರೋ ಎರಡನೇ ಲಕ್ಷ್ಮಮ್ಮ ಬೆಳಿಗ್ಗೆ ಇರ್ತಿರಲಿಲ್ಲ. ಹತ್ತು ದಿನ ಹೀಗೇ ಆದಮೇಲೆ, ಒಂದು ರಾತ್ರಿ ಅಲ್ಲೇ ಕೂತು ನೋಡೋಣ ಅಂತ ತೀರ್ಮಾನ ಮಾಡಿದೆ.

ಸರ್ವರ್ ಇರೋದು ಕೌಂಟರ್ ಹಿಂದಿನ ಸಣ್ಣ ಕೋಣೇಲಿ. ಮಧ್ಯೆ ಒಂದು ತೆಳು ಗೋಡೆ ಅಷ್ಟೆ. ಹೊರಗೆ ಬಾಗಿಲ ಹತ್ರ ವಾಚ್‌ಮನ್ ಪುಟ್ಟಸ್ವಾಮಣ್ಣ. ಕೆ. ಹೊಸಕೋಟೆ ಕಡೆಯೋರು, ವಯಸ್ಸಾದೋರು.

ಎರಡು ಗಂಟೆ. ಪರದೆ ಮೇಲೆ ಸಾಲುಗಳು ಓಡೋಕೆ ಶುರುವಾದ್ವು. ಹಳೇ ಇಂಡೆಕ್ಸ್ ತೆಗೆಯಿತು. ಇನ್ನು ಹೊಸದು ಕಟ್ಟಬೇಕು...

ಆಗ ವಾಸನೆ ಬಂತು. ಹಣ್ಣು ಕಾಫಿಯ ಹುಳಿ ವಾಸನೆ. ಅದರ ಜೊತೆ ಕಡ್ಡಿಪುಡಿಯ ಹೊಗೆಸೊಪ್ಪಿನ ಘಾಟು. ಕೊಯ್ಲಿಂದ ನೇರ ಬಂದೋರ ಮೈಯಿಂದ ಬರುತ್ತಲ್ಲ, ಹಾಗೆ. ಯಾವ ತೋಟದಲ್ಲೂ ಆಗ ಒಂದು ಹಣ್ಣೂ ಉಳಿದಿರಲಿಲ್ಲ.

ಟಕ್... ಟಕ್... ಟಕ್...

ಕೌಂಟರಿನ ಗಾಜಿಗೆ ಬಳೆ ತಾಗೋ ಸದ್ದು.

ಪರದೇಲಿ ಕೆಂಪು ಸಾಲು ಬಂತು. ತಕ್ಷಣ ಹುಡುಕಿದೆ. ಇಬ್ಬರು ಲಕ್ಷ್ಮಮ್ಮ! ಎರಡನೇದನ್ನ ತೆರೆದು ನೋಡಿದೆ. ಹಳೇ ದಾಖಲೆ. ದೀಪಾವಳಿ ಆದಮೇಲೆ ನಾನು ಅಳಿಸಿದ್ರಲ್ಲಿ ಒಂದು. ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಪೆನಿಸಿಲಿನ್ ಆಗುವುದಿಲ್ಲ. ಕೊಡಬಾರದು.' ಕೆಳಗೆ ನೋಂದಣಿಯಾದ ಹೊತ್ತು, ಅವತ್ತಿನ ತಾರೀಕು, ಎರಡು ಗಂಟೆ ಒಂದು ನಿಮಿಷ. ಕೌಂಟರ್ ಒಂದು.

ಕೌಂಟರ್ ಒಂದರ ಕಂಪ್ಯೂಟರಿನ ವೈರು ಸಂಜೆ ನಾನೇ ಕಿತ್ತಿಟ್ಟು ಬಂದಿದ್ದೆ.

ಗೋಡೆಯಾಚೆ ಯಾರೋ ಪಿಸುಗುಟ್ಟಿದ್ರು. ಹೆಂಗಸಿನ ದನಿ. ಉಸಿರು ಸಾಲದೋರ ಥರ ನಿಂತು ನಿಂತು...

"ನಾನು ಆ ಲಕ್ಷ್ಮಮ್ಮ ಅಲ್ಲ ಕಣವ್ವಾ... ಸರ್ಯಾಗ್ ನೋಡವ್ವಾ..."

ನಾನೇನು ಮಾಡಿದೆ ಗೊತ್ತಾ? ಎದ್ದು ಹೋಗಿ ನೋಡಲಿಲ್ಲ. ಯಾರು ಅಂತ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಆ ದಾಖಲೆ ಅಳಿಸಿಬಿಟ್ಟೆ.

ಸದ್ದು ನಿಂತುಹೋಯ್ತು. ವಾಸನೆಯೂ ಹೋಯ್ತು.

ಬಾಗಿಲು ತಳ್ಳಿಕೊಂಡು ಪುಟ್ಟಸ್ವಾಮಣ್ಣ ಒಳಗೆ ಬಂದ್ರು. ಮೂಲೆ ಮೂಲೆಗೂ ಟಾರ್ಚು ಬಿಟ್ಟು ನೋಡಿದ್ರು.

"ಗಾಜು ಬಡಿದಿದ್ಯಾರವ್ವಾ?"

"ನಿಮಗೂ ಕೇಳಿಸ್ತಾ?"

"ಕೇಳಿಸ್ದೆ ಇರ್ತದಾ? ನೋಡಿದ್ರೆ ಕೌಂಟರ್ ತಾವ ನರಪಿಳ್ಳೆ ಇಲ್ಲ. ಎದೆ ಹಾರ್ಬುಡ್ತು ಕಣವ್ವಾ."

"ಲಕ್ಷ್ಮಮ್ಮ ಅಂತ... ಗಂಡ ರಂಗಯ್ಯ. ನಿಮಗೆ ಗೊತ್ತಾ?"

"ಯಾವ ಲಕ್ಷ್ಮಮ್ಮ? ನಮ್ಮೂರ್ ತಾವ ಆ ಎಸ್ಟೇಟ್ ಲೈನಲ್ಲಿ ಇಬ್ರು ಲಕ್ಷ್ಮಮ್ಮಂದ್ರು. ಇಬ್ರ ಗಂಡಂದ್ರೂ ರಂಗಯ್ಯಂದ್ರೇ. ಫೋನ್ ನಂಬರ್ ಕೇಳಿದ್ರೆ ಎಲ್ರೂ ತೋಟದ ಲೆಕ್ಕ ಬರ್ಯೋ ರೈಟರ್‌ದೇ ಕೊಡೋದು. ಒಬ್ಳು ಚೆನ್ನಾಗವ್ಳೆ. ಇನ್ನೊಬ್ಳು..." ಅವರ ದನಿ ತಗ್ಗಿತು. "ಕೊಯ್ಲಿನಾಗೆ ಜ್ವರ ಅಂತ ಇಲ್ಲಿಗೇ ಬಂದಿದ್ಲು. ಇಂಜೆಕ್ಷನ್ ಕೊಟ್ರು. ಉಸುರು ಕಟ್ಬುಡ್ತು. ಹಾಸನಕ್ಕೆ ತಗಂಡೋಗೋ ದಾರೀಲೇ ಹೋಗ್ಬುಟ್ಲು ಕಣವ್ವಾ."

ಅಲ್ಲೇ ನೆಲದ ಮೇಲೆ ಕೂತೆ. ಜ್ವರ ಅಂತ ಅವಳು ಬಂದಾಗ ಕೌಂಟರಿನ ಪರದೇಲಿ ಕಂಡಿದ್ದು ಬದುಕಿರೋ ಲಕ್ಷ್ಮಮ್ಮನ ದಾಖಲೆ. ಅದರಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಇವಳದ್ದು ಇರಬೇಕಾದ ಕಡೆ ಇರಲಿಲ್ಲ, ಯಾಕಂದ್ರೆ ನನಗೆ ಊಟದ ಹೊತ್ತಾಗಿತ್ತು.

ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲಾ ಹೇಳಿದೆ. ಅವರು ಬಾಗಿಲು ಹಾಕಿಕೊಂಡ್ರು.

"ಆ ದಾಖಲೆ ಎಲ್ಲಿದೆ, ತೋರಿಸು."

ಎಲ್ಲಿಂದ ತೋರಿಸಲಿ? ಅಳಿಸಿಬಿಟ್ಟಿದ್ದೆ. ಪ್ರತಿ ರಾತ್ರಿ ತೆಗೆದಿಡೋ ನಕಲು ಪ್ರತಿಗಳೂ ತಿಂಗಳಾದ ಮೇಲೆ ಉಳಿಯಲ್ಲ.

"ಇಲ್ಲದೇ ಇರೋದನ್ನ ಯಾಕಮ್ಮ ಎಳ್ಕೊಂಡು ಬರ್ತೀಯ? ಸುಮ್ನಿರು," ಅಂದ್ರು.

ಸುಮ್ಮನಿರೋಕೆ ಆಗಲಿಲ್ಲ. ಭಾನುವಾರ ಬಸ್ಸು ಹಿಡಿದು ಕೆ. ಹೊಸಕೋಟೆಗೆ ಹೋಗಿ, ಅಲ್ಲಿಂದ ನಡೆದು ಆ ಲೈನ್ ಸೇರಿದೆ. ತೀರಿಹೋದ ಲಕ್ಷ್ಮಮ್ಮನ ಗಂಡ ರಂಗಯ್ಯ ಬಾಗಿಲಲ್ಲೇ ಕೂತು ಕತ್ತಿ ಮಸೀತಿದ್ರು. ಆಸ್ಪತ್ರೆಯೋಳು ಅಂದ ತಕ್ಷಣ ಎದ್ದು ನಿಂತು, ಕೂರೋಕೆ ಚಾಪೆ ಹಾಕಿದ್ರು.

"ಅವತ್ತು ನಾನೂ ಜೊತೇಲೇ ಇದ್ನವ್ವಾ. ಯಾವ್ದೋ ಸೂಜಿ ಆಗಕಿಲ್ಲ ಅಂತ ಹಿಂದೆ ನಿಮ್ಮಲ್ಲೇ ಬರ್ಕಂಡಿದ್ರು. ಅದ್ರ ಹೆಸ್ರು ನಮ್ಗೇನ್ ಗೊತ್ತು? ಕಂಪ್ಯೂಟರಲ್ಲಿ ಐತೆ, ನೋಡಿ ಅಂದೊ. ಅಂಥದ್ದೇನೂ ಇಲ್ಲ ಅಂದ್ರು. ನಮ್ಮವ್ಳು ಗಾಜು ಬಡ್ದು ಬಡ್ದು ಹೇಳುದ್ಲು. ನಾನು ಆ ಲಕ್ಷ್ಮಮ್ಮ ಅಲ್ಲ ಕಣವ್ವಾ, ಸರ್ಯಾಗ್ ನೋಡವ್ವಾ ಅಂತ. ಇರೋದೇ ಒಬ್ಳು ಲಕ್ಷ್ಮಮ್ಮ ಅಂದ್ಬುಟ್ರು."

ಅದೇ ಮಾತು... ಒಂದಕ್ಷರ ಆಚೀಚೆ ಇಲ್ಲ.

"ರಂಗಯ್ಯಣ್ಣ, ಅದನ್ನ ಅಳಿಸಿದ್ದು ನಾನೇ."

ಅವರು ಬೈತಾರೆ, ಹೊಡೀತಾರೆ ಅಂತ ಕಾಯ್ತಿದ್ದೆ. ಎರಡೂ ಮಾಡಲಿಲ್ಲ. ಕತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿದ್ರು.

"ನಂಗೊಂದು ಕಾಗ್ದ ಕೊಡ್ತೀರಾ ಅವ್ವಾರೆ? ಸೂಜಿ ಆಗಕಿಲ್ಲ ಅಂತ ಬರ್ದಿತ್ತಲ್ಲ, ಅದು. ಅವ್ವ ಬಾಯ್ಬುಟ್ಟು ಹೇಳ್ಳೇ ಇಲ್ಲ, ಅದಕ್ಕೇ ಸತ್ಲು ಅಂತ ನಮ್ ಮಗ್ಳು ಸತ್ತೋಳ್ನೇ ಬೈಕಂಡು ಬೈಕಂಡು ಅಳ್ತಾಳೆ. ನಾನ್ ಹೇಳುದ್ರೆ ನಂಬಕಿಲ್ಲ. ಕಾಗ್ದ ತೋರ್ಸುದ್ರೆ ನಂಬ್ತಾಳೆ."

ಆ ಬರಹ ಒಂದು ನಿಮಿಷ ಪರದೆ ಮೇಲೆ ನನ್ನ ಕಣ್ಣ ಮುಂದೆ ಇತ್ತು. ಒಂದು ಫೋಟೊ ತೆಗೆದಿದ್ರೂ ಸಾಕಿತ್ತು.

ಆಮೇಲೆ ಎಷ್ಟೋ ರಾತ್ರಿ ಆ ಕೋಣೇಲಿ ಒಬ್ಬಳೇ ಕೂತೆ. ಎರಡು ಗಂಟೆಗೆ ಟೂಲ್ ಶುರುವಾಗುತ್ತೆ, ಹಳೇ ಇಂಡೆಕ್ಸ್ ತೆಗೆಯುತ್ತೆ, ಹೊಸದು ಕಟ್ಟುತ್ತೆ. ದೋಷ ಇಲ್ಲ. ವಾಸನೆ ಇಲ್ಲ, ಸದ್ದಿಲ್ಲ. ಅವಳು ಮತ್ತೆ ಬರಲೇ ಇಲ್ಲ. ಹತ್ತು ದಿನ ದಿನಾ ಬಂದೋಳು, ನಾನು ನೋಡಿಯೂ ಅಳಿಸಿದ ಮೇಲೆ ಯಾಕೆ ಬಂದಾಳು... ಅಸಲಿಗೆ ಹೇಗೆ ಬಂದಿದ್ಲು? ಯಾರು ಒತ್ತಿದ್ರು ಆ ಅಕ್ಷರಗಳನ್ನ? ನನಗೆ ಇವತ್ತಿಗೂ ಗೊತ್ತಿಲ್ಲ.

ತಿಂಗಳಿಗೊಂದು ಸಲ ಯಾರದೋ ಫೋನಿಂದ ರಂಗಯ್ಯ ಕರೆ ಮಾಡ್ತಾರೆ.

"ಸಿಕ್ತಾ ಅವ್ವಾರೆ?"

"ಹುಡುಕ್ತಿದೀನಿ ಅಣ್ಣ," ಅಂತೀನಿ, ಇನ್ನು ಸಿಗಲ್ಲ ಅಂತ ಗೊತ್ತಿದ್ರೂ.

ಕಾಗದ ಕೈಗೆ ಬರೋವರೆಗೂ ಮಗಳಿಗೆ ಏನೂ ಹೇಳಲ್ಲ ಅಂದಿದ್ರು. ಮೊನ್ನೆ ಅವರ ಹಿಂದೆ ಅವಳ ದನಿ ಕೇಳಿಸ್ತು. "ಯಾರಪ್ಪಾ ಅದು?"

"ಯಾರೂ ಇಲ್ಲ ಕಣವ್ವಾ," ಅಂದ್ರು. ಫೋನ್ ಇಟ್ರು.