ಬೀಗದಮ್ಮನ ವಕೀಲೆ

ಕಾನೂನು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಬೀಗದಮ್ಮ ಬರುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಸೊಂಟದಲ್ಲಿ ಮೂರು ಗೊಂಚಲು ಕೀಲಿ. ಕೆಳಗಿನ ಅಂತಸ್ತಿನದಕ್ಕೆ ಕೆಂಪು ದಾರ, ನಡುವಿನದಕ್ಕೆ ನೀಲಿ, ಮೇಲಿನದಕ್ಕೆ ಬಿಳಿ. ಇಪ್ಪತ್ತೇಳು ಕೋಣೆ, ಕೋಣೆಗೆ ಮೂರು ಮಂಚ, ಮಂಚಕ್ಕೊಂದು ಕಪಾಟು. ಹುಡುಗಿಯರ ಕೈಯಲ್ಲಿ ಒಂದೊಂದು ಕೀಲಿ ಇದ್ದರೆ ಅದರ ಜೋಡಿ ಬೀಗದಮ್ಮನ ಸೊಂಟದಲ್ಲಿ. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಸವರಿ, ಇದು ಹದಿನಾಲ್ಕರ ಬಾಗಿಲು ಮಂಚದವಳದು ಎಂದು ಹೇಳಬಲ್ಲಳು. ಹೆಸರು ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ಎಲ್ಲರೂ ಅವಳಿಗೆ ಕಿಟಕಿ ಮಂಚದವಳು, ಗೋಡೆ ಮಂಚದವಳು, ಬಾಗಿಲು ಮಂಚದವಳು. ಹತ್ತು ವರ್ಷದ ಹಿಂದೆ ಓದಿಹೋದವಳು ಕರಿ ಕೋಟು ಹಾಕಿಕೊಂಡು ಬಂದು ನಿಂತರೂ, "ಓ, ಒಂಬತ್ತರ ಗೋಡೆ ಮಂಚ! ಈಗಲೂ ಕಾಲು ಅಲ್ಲಾಡಿಸ್ತಾ ಓದ್ತೀಯೇನೆ?" ಎನ್ನುವಳು.

ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಅವಳಿಗೆ ಮೂವತ್ತೊಂದು ವರ್ಷ ಆಗಿದ್ದಾಗ ಎದೆ ನೋವು ಅಂತ ಕೂತವನು ಮತ್ತೆ ಏಳಲಿಲ್ಲ. ನಾಲ್ಕನೇ ಕ್ಲಾಸು ಓದಿದವಳು ಹಾಸ್ಟೆಲ್ಲಿಗೆ ಪಾತ್ರೆ ತೊಳೆಯಲು ಬಂದಳು. ಎರಡು ವರ್ಷಕ್ಕೆ ಉಗ್ರಾಣ ಕೈಗೆ ಬಂತು, ಆರು ವರ್ಷಕ್ಕೆ ಕೀಲಿ. ಮಕ್ಕಳಾಗಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ವರ್ಷಕ್ಕೆ ಎಂಬತ್ತೊಂದು ಹೆರ್ತೀನಿ, ಇನ್ನೆಷ್ಟು ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ತಿಂಗಳ ಮೊದಲ ಶನಿವಾರ ಕಪಾಟಿನ ತಪಾಸಣೆ. ಹುಡುಗಿಯರು ತರಗತಿಗೆ ಹೋದ ಮೇಲೆ ಒಂದೊಂದೇ ತೆಗೆದು ನೋಡುವಳು. ಇರುವೆ ಹತ್ತಿದ ತಿಂಡಿ ಸಿಕ್ಕರೆ ಎಸೆಯುವಳು. ನೀರು ಕಾಯಿಸುವ ಕಾಯಿಲ್ ಸಿಕ್ಕರೆ ಎತ್ತಿಟ್ಟುಕೊಳ್ಳುವಳು. ಕಾಯಿಲ್‌ನಿಂದ ಒಮ್ಮೆ ಪರದೆಗೆ ಬೆಂಕಿ ಹತ್ತಿತ್ತು, ಅಂದಿನಿಂದ ಬಂದ ಪದ್ಧತಿ ಅದು. ಯಾವತ್ತೂ ಒಂದು ಸೂಜಿ ಕಳೆದುಹೋಗಿದ್ದಿಲ್ಲ. ಅದು ಅವಳ ಹೆಮ್ಮೆ.

ಆ ಶನಿವಾರ ಇಪ್ಪತ್ತೆರಡರ ಕಿಟಕಿ ಮಂಚದವಳ ಕಪಾಟಿನಲ್ಲಿ ಕಾಯಿಲ್ ಸಿಗಲಿಲ್ಲ. ಮಡಿಸಿಟ್ಟ ಬಟ್ಟೆಯ ಅಡಿಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಮಾತ್ರೆ, ಡಾಕ್ಟರ ಚೀಟಿ. ಅವಳು ಒಂದು ಮಾತ್ರೆಯ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಲೇಜಿನ ದವಾಖಾನೆಯ ನರ್ಸಿಗೆ ತೋರಿಸಿದಳು.

"ಇದು ಫಿಟ್ಸ್‌ಗೆ ಕೊಡೋದು ಅಮ್ಮ," ಎಂದಳು ನರ್ಸು.

ಬೀಗದಮ್ಮ ಬಿರಬಿರನೆ ಹಾಸ್ಟೆಲ್ಲಿಗೆ ವಾಪಸಾದಳು. ಹಾಳೆಯನ್ನು ಡಬ್ಬಿಗೆ ಸೇರಿಸಿ ಬೀಗ ಹಾಕಿದಳು. ಮೆಟ್ಟಿಲಲ್ಲಿ ಅದೇ ಕೋಣೆಯ ಗೋಡೆ ಮಂಚದವಳೂ ಬಾಗಿಲು ಮಂಚದವಳೂ ಎದುರಾದರು. ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. "ಅವಳಿಗೆ ಫಿಟ್ಸ್ ಇದೆ ಕಣ್ರೇ. ಒಬ್ಬಳನ್ನೇ ಬಿಡಬೇಡಿ, ಸ್ನಾನದ ಮನೆ ಚಿಲಕ ಹಾಕೋಕೆ ಬಿಡಬೇಡಿ, ಒಂದು ಕಣ್ಣಿಟ್ಟಿರಿ."

ಅವರು ಕಣ್ಣಿಡಲಿಲ್ಲ, ಗಂಟುಮೂಟೆ ಕಟ್ಟಿದರು. ಒಬ್ಬಳು ಮಾರನೇ ದಿನವೇ ನಡುವಿನ ಅಂತಸ್ತಿಗೆ ಹಾಸಿಗೆ ಹೊತ್ತುಕೊಂಡು ಹೋದಳು. ಇನ್ನೊಬ್ಬಳ ತಾಯಿ ಫೋನು ಮಾಡಿ ಅವಳಿಗೂ ಕೋಣೆ ಬಿಡಿಸಿದಳು. ಮೂರು ಮಂಚದ ಕೋಣೆಯಲ್ಲಿ ಕಿಟಕಿ ಮಂಚದವಳು ಒಂಟಿಯಾದಳು. ಬೀಗದಮ್ಮ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಎಂಬ ಸಂಕಟ ಬೀಗದಮ್ಮನಿಗೆ. ತಪ್ಪು ಎಲ್ಲಿ ಎಂದು ಹುಡುಕಿದರೆ ಸಿಗಲೊಲ್ಲದು. ಜೀವ ಉಳಿಸುವ ಮಾತು ಹೇಳುವುದೂ ತಪ್ಪೇ?

ಹತ್ತು ದಿನ ಕಳೆದ ಮೇಲೆ ಸಂವಿಧಾನ ಪಾಠ ಮಾಡುವ ಮೇಡಂ ಉಗ್ರಾಣಕ್ಕೆ ಬಂದರು. ಬೀಗದಮ್ಮ ಮೊರ ಹಿಡಿದು ಕಲ್ಲು ಆರಿಸುತ್ತಿದ್ದಳು.

"ಅಮ್ಮ, ನಿಮ್ಮ ಮೇಲೆ ಒಂದು ಕೇಸು ಹಾಕ್ಬೇಕು ಅಂತಿದ್ದೀನಿ."

"ಹಾಕಿ ಮೇಡಂ. ಹುಡುಗೀರು ದಿನಾ ಬಾಯಲ್ಲೇ ಹಾಕ್ತಾರೆ, ಕಾಗದದಲ್ಲೂ ಒಂದು ಆಗ್ಲಿ."

ಮೇಡಂ ಅಕ್ಕಿ ಚೀಲದ ಮೇಲೆ ಕೂತರು. ಅವರ ಪಾಠದ ರೀತಿ ಎಲ್ಲರಿಗೂ ಗೊತ್ತಿತ್ತು. ಪುಸ್ತಕದ ತೀರ್ಪು ಓದಿಸಿದ ಮೇಲೆ ಕಾಲೇಜಿನೊಳಗಿನದೇ ಒಂದು ತಕರಾರು ತೆಗೆದು ಅಣಕು ನ್ಯಾಯಾಲಯ ನಡೆಸುವರು. ಯಾರು ಯಾರ ಪರ ಎನ್ನುವುದು ಚೀಟಿ ಎತ್ತಿ. "ನಂಬಿದ ಪಕ್ಷಕ್ಕೆ ವಾದ ಮಾಡೋದು ಬಾಯಿಚಪಲ. ನಂಬದೆ ಇರೋ ಪಕ್ಷಕ್ಕೆ ಮಾಡೋದು ವಿದ್ಯೆ," ಎನ್ನುವುದು ಅವರ ಮಾತು.

"ಇಪ್ಪತ್ತೆರಡರ ಹುಡುಗಿ ಕಾಲೇಜು ಬಿಡ್ತೀನಿ ಅಂತ ಅರ್ಜಿ ಕೊಟ್ಟಿದ್ದಾಳೆ," ಎಂದರು ಮೇಡಂ. "ನನ್ನ ಮೇಜಿನ ಖಾನೆಯಲ್ಲಿದೆ. ಶುಕ್ರವಾರದವರೆಗೆ ತಡಿ ಅಂದಿದ್ದೀನಿ. ಈ ಕೇಸು ತರಗತಿಗೆ ತರಬಹುದಾ ಅಂತ ಅವಳನ್ನು ಕೇಳಿದೆ. ನನ್ನ ಹೆಸರು ಬೇಡ, ಡಬ್ಬಿಯಲ್ಲಿ ಏನಿತ್ತು ಅನ್ನೋದೂ ಬೇಡ, ಆದ್ರೆ ಕೇಸು ಆಗ್ಲಿ ಅಂದಳು. ಈಗ ನಿಮ್ಮನ್ನ ಕೇಳ್ತಿದ್ದೀನಿ. ಬೇಡ ಅಂದ್ರೆ ಬಿಡ್ತೀನಿ."

ಕಲ್ಲು ಆರಿಸುತ್ತಿದ್ದ ಕೈ ನಿಂತಿತು. ಅರ್ಜಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ತನ್ನ ಒಂದು ಮಾತಿಗೆ ಒಂದು ಹುಡುಗಿಯ ಓದು ಹೋಗುತ್ತಿದೆ. "ಬರ್ತೀನಿ," ಎಂದಳು. "ನಾನು ಕೇಸು ಸೋತರೆ ಅವಳು ಉಳೀತಾಳಾ?"

"ನಂಗೊತ್ತಿಲ್ಲ ಅಮ್ಮ."

ಮಾರನೇ ದಿನ ಅದೇ ಉಗ್ರಾಣದ ಬಾಗಿಲಲ್ಲಿ ಕಿಟಕಿ ಮಂಚದವಳು ಬಂದು ನಿಂತಳು. ಕೈಯಲ್ಲಿ ನೋಟ್ ಪುಸ್ತಕ, ಮುಖ ಬಿಗಿ.

"ನಾನು ನಿಮ್ಮ ವಕೀಲೆ," ಎಂದಳು.

"ನೀನಾ? ತೋಳದ ಪರ ಕುರಿ ವಾದ ಮಾಡಿದ ಹಾಗಾಯ್ತಲ್ಲೇ."

ಹುಡುಗಿಯ ತುಟಿ ಸ್ವಲ್ಪ ಅಲ್ಲಾಡಿತು, ನಗು ಬರಲಿಲ್ಲ. "ಚೀಟಿ ಹಾಗೆ ಬಂತು. ಬದಲಾಯಿಸ್ತೀನಿ ಅಂದ್ರು ಮೇಡಂ. ನಾನೇ ಬೇಡ ಅಂದೆ. ನೀವು ಯಾಕೆ ಹಾಗೆ ಮಾಡಿದ್ರಿ ಅಂತ ನಂಗೆ ಗೊತ್ತಾಗ್ಬೇಕು. ಸುಮ್ನೆ ಕೇಳಿದ್ರೆ ಜಗಳ ಆಗ್ತಿತ್ತು. ವಕೀಲೆ ಆದ್ರೆ ಪೂರ್ತಿ ಕೇಳಿಸ್ಕೊಳ್ಳಲೇಬೇಕು."

ಬೀಗದಮ್ಮ ಮೊರ ಪಕ್ಕಕ್ಕಿಟ್ಟಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ಅವಳಿಗೊಬ್ಬ ತಂಗಿ ಇದ್ದಳು, ಎರಡು ಜಡೆ, ಮಾತು ಶುರು ಮಾಡಿದರೆ ನಿಲ್ಲಿಸದವಳು. ಹನ್ನೆರಡಕ್ಕೆ ಫಿಟ್ಸ್ ಶುರುವಾಯಿತು. ಹೊರಗೆ ಗೊತ್ತಾದರೆ ಮದುವೆ ಆಗುವುದಿಲ್ಲ ಎಂದು ಅಪ್ಪ ಮನೆಮಂದಿಯ ಬಾಯಿಗೆ ಬೀಗ ಹಾಕಿದ. ಹದಿನೇಳಕ್ಕೆ ಮದುವೆಯೂ ಆಯಿತು. ಗಂಡನ ಮನೆಯವರು ಏನೂ ತಿಳಿಯದೆ ಅವಳೊಬ್ಬಳನ್ನೇ ಬಟ್ಟೆ ಒಗೆಯಲು ಹೊಳೆಗೆ ಕಳಿಸಿದರು. ನೀರು ಮೊಣಕಾಲುದ್ದವೂ ಇರಲಿಲ್ಲ. "ಪಕ್ಕದ ಕಲ್ಲಿನ ಮೇಲೆ ಇನ್ನೊಬ್ಬಳು ಒಗೀತಾನೇ ಇದ್ದಳಂತೆ ಕಣೇ. ಆಟ ಆಡ್ತಿದ್ದಾಳೆ ಅಂದ್ಕೊಂಡಳಂತೆ. ಅವಳಿಗೆ ಒಂದು ಮಾತು ಗೊತ್ತಿದ್ದಿದ್ರೆ."

ಹುಡುಗಿ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, "ಇದನ್ನು ಅಲ್ಲಿ ಹೇಳಬಹುದಾ?" ಎಂದು ಕೇಳಿದಳು.

ತನ್ನ ತಂಗಿಯ ವಿಷಯಕ್ಕೆ ತನ್ನ ಅಪ್ಪಣೆ ಕೇಳುತ್ತಾರೆ ಎಂದು ಬೀಗದಮ್ಮ ಎಣಿಸಿರಲಿಲ್ಲ. "ಹೇಳು," ಎಂದಳು.

ಶುಕ್ರವಾರ ಮಧ್ಯಾಹ್ನ ತರಗತಿಯೇ ನ್ಯಾಯಾಲಯವಾಯಿತು. ಎತ್ತರದ ಕಟ್ಟೆಯ ಮೇಲೆ ಮೇಡಂ, ಅಕ್ಕಪಕ್ಕ ಕೊನೆಯ ವರ್ಷದ ಇಬ್ಬರು. ಬೀಗದಮ್ಮ ಇಸ್ತ್ರಿ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಡಬ್ಬಿ ಯಾರದೆಂದು ಗೊತ್ತಿದ್ದವರೆಲ್ಲ ಗೊತ್ತಿಲ್ಲದವರ ಹಾಗೆ ಕೂತರು.

ಅರ್ಜಿದಾರಳ, ಅಂದರೆ ಕಪಾಟಿನ ಹುಡುಗಿಯ, ಪರ ಎದ್ದವನು ಕನ್ನಡಕದ ಹುಡುಗ. ಹಾಸ್ಟೆಲ್ಲಿನಲ್ಲಿ ಶಿಸ್ತೇ ಇಲ್ಲ ಎಂದು ಸದಾ ಗೊಣಗುವವನು. ಚೀಟಿಯ ದೆಸೆಯಿಂದ ಈಗ ಕಪಾಟಿನ ಸ್ವಾತಂತ್ರ್ಯಕ್ಕೆ ಹೋರಾಡಬೇಕು. ಅವನು ಮೊದಲು ಸಮಾನತೆ ಹಿಡಿದ. ಹುಡುಗಿಯರ ಕಪಾಟು ಮಾತ್ರ ಯಾಕೆ? ಹುಡುಗರ ಹಾಸ್ಟೆಲ್ಲಿನ ಕಾವಲುಗಾರನನ್ನು ಸಾಕ್ಷಿಗೆ ಕರೆಸಿದ. ಎಲ್ಲರೂ ಮೀಸೆ ಮಾಮ ಎನ್ನುವ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದು ನಿಂತ.

"ಹುಡುಗರ ಕಪಾಟು ಎಷ್ಟು ಸಲ ತೆಗೆದು ನೋಡಿದ್ದೀರಿ?"

"ಒಂದು ಸಲಾನೂ ಇಲ್ಲ ಸಾರ್. ತೆಗೆದ್ರೆ ಆ ಕಾಲುಚೀಲದ ವಾಸನೆಗೆ ನಾನು ಅಲ್ಲೇ ಬೀಳ್ತೀನಿ."

"ಅಲ್ಲಿ ಕಾಯಿಲ್ ಇಲ್ವಾ?"

"ಇಲ್ದೆ ಏನು? ತಿಂಗಳಿಗೆ ಎರಡು ಸಲ ಫ್ಯೂಸ್ ಹೋಗುತ್ತೆ."

"ಫ್ಯೂಸಿಗೆ ಗಂಡು ಹೆಣ್ಣು ಗೊತ್ತಾ?"

"ಅದಕ್ಕೆ ಏನು ಗೊತ್ತು ಸಾರ್, ಅದು ತಂತಿ."

ನಗು ಅಡಗಿದ ಮೇಲೆ ಮೇಡಂ ತರಗತಿಯ ಕಡೆ ತಿರುಗಿದರು. "ನೆನಪಿಡಿ. ಬೇರೆ ಬೇರೆಯಾಗಿ ನಡೆಸಲೇಬಾರದು ಅಂತ ನ್ಯಾಯಾಲಯ ಹೇಳಲ್ಲ. ಬೇರೆ ಮಾಡಿದ್ದಕ್ಕೆ ಕಾರಣ ಕೇಳುತ್ತೆ, ಆ ಕಾರಣಕ್ಕೂ ಉದ್ದೇಶಕ್ಕೂ ನಂಟಿದೆಯಾ ಅಂತ ನೋಡುತ್ತೆ. ಬೆಂಕಿ ತಡೆಯೋದು ಉದ್ದೇಶ ಆದ್ರೆ, ಹೆಣ್ಣು ಅನ್ನೋದಕ್ಕೂ ಬೆಂಕಿಗೂ ಏನು ನಂಟು?"

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವುದು ಬೀಗದಮ್ಮನಿಗೆ ಗೊತ್ತಿದ್ದ ಗಾದೆ. ಸುಣ್ಣದ ಡಬ್ಬಿ ತನ್ನ ಕೈಯಲ್ಲೇ ಇತ್ತೆಂದು ಹೊಳೆದಿರಲಿಲ್ಲ.

ಆಮೇಲೆ ಕಿಟಕಿ ಮಂಚದವಳು ಎದ್ದಳು. ಹುಡುಗರದೂ ನೋಡಬೇಕಿತ್ತು, ಅದನ್ನು ಒಪ್ಪುತ್ತೇನೆ ಎಂದಳು. ಆದರೆ ಒಂದು ಜೀವಕ್ಕೆ ಅಪಾಯ ಇದೆ ಎಂದು ಕಂಡವಳು ಸುಮ್ಮನಿರಬೇಕಿತ್ತೇ? ಹೊಳೆಯ ಕಥೆ ಹೇಳಿದಳು. ಕಾಯಿಲೆ ಎನ್ನದೆ "ಒಂದು ತೊಂದರೆ" ಎಂದಳು. ಎರಡು ಜಡೆ ಬಂತು, ಒಗೆಯುವ ಕಲ್ಲು ಬಂತು, ಪಕ್ಕದಲ್ಲಿದ್ದವಳು ಬಂದಳು. ತನ್ನ ಮನಸ್ಸಿನಲ್ಲಿದ್ದುದನ್ನು ತನಗಿಂತ ಚೆನ್ನಾಗಿ ಇನ್ನೊಬ್ಬರು ಹೇಳುವುದನ್ನು ಬೀಗದಮ್ಮ ಜೀವನದಲ್ಲಿ ಮೊದಲ ಸಲ ಕೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಕೇಸು ಗೆದ್ದ ಹಾಗೇ ಇತ್ತು.

ಮೇಡಂ ಪೆನ್ನು ಕೆಳಗಿಟ್ಟರು. "ಉದ್ದೇಶ ಒಳ್ಳೆಯದು, ಒಪ್ಪಿದೆ. ಆದ್ರೆ ಒಬ್ಬರ ಖಾಸಗಿ ವಿಷಯಕ್ಕೆ ಕೈ ಹಾಕಿದಾಗ ನಾವು ಇನ್ನೂ ಕೆಲವು ಪ್ರಶ್ನೆ ಕೇಳ್ತೀವಿ. ಕೈ ಹಾಕೋಕೆ ಅಧಿಕಾರ ಇತ್ತಾ? ಬೇಕಾದಷ್ಟೇ ಹಾಕಿದ್ರಾ, ಇಲ್ಲ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ರಾ? ಇದಕ್ಕಿಂತ ಸಣ್ಣ ದಾರಿ ಬೇರೆ ಇತ್ತಾ, ವಕೀಲರೇ?"

"ನನ್ನ ಕಕ್ಷಿದಾರರನ್ನು ಕೇಳಿ ಹೇಳ್ತೀನಿ," ಎಂದಳು ಹುಡುಗಿ. ಬೆಂಚಿನ ಹತ್ತಿರ ಬಂದು ಬಗ್ಗಿದಳು. ಹನ್ನೆರಡು ದಿನ ಗೋಡೆ ನೋಡಿದ್ದ ಕಣ್ಣು ಈಗ ನೇರ ಬೀಗದಮ್ಮನ ಕಣ್ಣಿನಲ್ಲಿತ್ತು.

"ಬೇರೆ ದಾರಿ ಇತ್ತಾ ಅಮ್ಮ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಬೀಗದಮ್ಮ ಒಂದು ಸಂಗತಿ ಗಮನಿಸಿದ್ದಳು. ಎರಡು ಗಂಟೆಯಿಂದ ಅರವತ್ತು ಜನ ಅದೇ ಡಬ್ಬಿಯ ಮಾತಾಡುತ್ತಿದ್ದರು, ಒಬ್ಬರ ಬಾಯಲ್ಲೂ ಡಬ್ಬಿಯೊಳಗೆ ಏನಿತ್ತು ಎನ್ನುವುದು ಬರಲಿಲ್ಲ. ತಾನು ಮೆಟ್ಟಿಲ ಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ತಂಗಿಯ ನೆನಪಾಯಿತು. ಬಚ್ಚಿಟ್ಟ ಅಪ್ಪನೂ ಅವಳನ್ನು ಒಂದು ಮಾತು ಕೇಳಲಿಲ್ಲ. ಬಿಚ್ಚಿಟ್ಟ ತಾನೂ ಇವಳನ್ನು ಕೇಳಲಿಲ್ಲ.

"ಇತ್ತು," ಎಂದಳು. "ಬಾಗಿಲು ತಟ್ಟಿ ನಿನ್ನನ್ನೇ ಕೇಳಬಹುದಿತ್ತು. ಯಾರಿಗೆ ಹೇಳ್ಲಿ, ಹೇಳ್ಲೋ ಬೇಡ್ವೋ ಅಂತ."

ಹುಡುಗಿ ನೆಟ್ಟಗಾದಳು. "ಇತ್ತು ಅಂತ ನನ್ನ ಕಕ್ಷಿದಾರರು ಹೇಳ್ತಿದ್ದಾರೆ. ಆ ಹುಡುಗಿಯನ್ನೇ ಕೇಳಬಹುದಿತ್ತಂತೆ. ಇಷ್ಟರ ಮೇಲೆ ನನ್ನ ವಾದ ಇಲ್ಲ."

ಕನ್ನಡಕದ ಹುಡುಗ ಗೆದ್ದೂ ಪೆಚ್ಚಾಗಿ ಕೂತ. ತೀರ್ಪು ಚಿಕ್ಕದಾಗಿತ್ತು: ಬೆಂಕಿಯ ತಪಾಸಣೆ ಬೇಕಾದರೆ ಎರಡೂ ಹಾಸ್ಟೆಲ್ಲಿಗೆ ಒಂದೇ ನಿಯಮ, ಕಪಾಟಿನವರು ಎದುರಿಗಿದ್ದಾಗ ಮಾತ್ರ. ಪ್ರಾಣಾಪಾಯ ಇದ್ದರೆ ತೆಗೆಯಬಹುದು, ಆದರೆ ಕಂಡದ್ದನ್ನು ಯಾರಿಗೆ ಹೇಳುವುದು ಎನ್ನುವ ತೀರ್ಮಾನ ಕಪಾಟಿನವರದೇ. ಅಣಕು ತೀರ್ಪಿಗೆ ಬೆಲೆಯಿಲ್ಲ, ಯಾರೂ ಪಾಲಿಸಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಗದಮ್ಮ ಎಂಬತ್ತೊಂದು ಕಾಗದದ ಲಕೋಟೆ ಇಟ್ಟುಕೊಂಡು ಮೆಟ್ಟಿಲ ಬುಡದಲ್ಲಿ ಕೂತಳು. ಒಬ್ಬೊಬ್ಬಳ ಕೀಲಿ ಒಂದೊಂದರಲ್ಲಿ ಹಾಕಿ ಅಂಟಿಸಿ, ಅಂಟಿನ ಮೇಲೆ ಅವಳದೇ ರುಜು ಹಾಕಿಸಿದಳು. "ಇದು ಹರಿದಿದ್ರೆ ನಾನು ತೆಗೆದಿದ್ದೀನಿ ಅಂತ ಲೆಕ್ಕ. ಯಾಕೆ ಅಂತ ಕೇಳಿ ನನ್ನ." ಪ್ರಿನ್ಸಿಪಾಲರು ಹಾದುಹೋಗುತ್ತಾ, "ಏನಮ್ಮ, ಕಾಲೇಜಿಗಿಂತ ಮುಂಚೆ ನೀವೇ ಕಾನೂನು ಕಲಿತುಬಿಟ್ರಾ?" ಎಂದರು. "ಫೀಸು ಕಟ್ಟದೆ ಕಲ್ತೆ, ಪರೀಕ್ಷೆಯಲ್ಲಿ ಫೇಲೂ ಆದೆ ಸಾರ್," ಎಂದಳು.

ಇಪ್ಪತ್ತೆರಡರ ಕಿಟಕಿ ಮಂಚದವಳು ಕೊನೆಗೆ ಬಂದಳು. ಬರುತ್ತಾಳೋ ಇಲ್ಲವೋ ಎಂದು ಬೀಗದಮ್ಮ ಅವಳ ಲಕೋಟೆಯನ್ನು ಅಡಿಯಲ್ಲಿಟ್ಟಿದ್ದಳು. ಹುಡುಗಿ ರುಜು ಹಾಕಿದಳು. "ಅರ್ಜಿ ವಾಪಸ್ ತಗೊಂಡೆ," ಎಂದಳು. ಆಮೇಲೆ ಪಕ್ಕದಲ್ಲಿ ಕೂತು, ಯಾರೂ ಕೇಳದೆ, ತಾನಾಗಿ ಹೇಳಿದಳು. "ಬಂದ್ರೆ ಒಂದು ಮಗ್ಗುಲಿಗೆ ತಿರುಗಿಸಿ. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ. ಬಾಯಿಗೆ ಏನೂ ಹಾಕ್ಬೇಡಿ. ಐದು ನಿಮಿಷ ದಾಟಿದ್ರೆ ಡಾಕ್ಟರನ್ನ ಕರೀರಿ." ಬೀಗದಮ್ಮ ಪಾಠ ಒಪ್ಪಿಸುವ ಮಗುವಿನ ಹಾಗೆ ಒಮ್ಮೆ ತಿರುಗಿ ಹೇಳಿದಳು.

ಅದೇ ವಾರ ಹುಡುಗಿ ಕೋಣೆಯ ಗೆಳತಿಯರಿಬ್ಬರನ್ನೂ ಕರೆದು ಇದನ್ನೆಲ್ಲ ತಾನೇ ಹೇಳಿದಳಂತೆ. ಗೋಡೆ ಮಂಚದವಳು ಹಾಸಿಗೆ ಹೊತ್ತುಕೊಂಡು ವಾಪಸ್ ಬಂದಳು. ಬಾಗಿಲು ಮಂಚ ವರ್ಷಪೂರ್ತಿ ಖಾಲಿಯೇ ಉಳಿಯಿತು.

ಅಡುಗೆಮನೆಗೆ ಹೊಸದಾಗಿ ಸೇರಿದ ಹೆಂಗಸು ಒಂದು ದಿನ ಕಾಯಿಪಲ್ಲೆ ಹೆಚ್ಚುತ್ತಾ ದನಿ ತಗ್ಗಿಸಿ ಕೇಳಿದಳು. "ಅಕ್ಕ, ಮೇಲಿನ ಆ ಇಪ್ಪತ್ತೆರಡರವಳಿಗೆ ಏನೋ ಇದೆಯಂತಲ್ಲ, ಏನದು?"

ಬೀಗದಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು.

"ಮೇಲೇ ಇದ್ದಾಳೆ. ಬಾಗಿಲು ತಟ್ಟಿ ಅವಳನ್ನೇ ಕೇಳು."