ಕಕ್ಕಸಿನ ಮೊಳೆಗೆ ಒಂದು ಕೊಡೆ

ಎಪ್ಪತ್ತರ ದಶಕದ ಕೊನೆಗೆ, ಬಲ್ಮಠದಲ್ಲಿ ನನ್ನ ಮಗಳು ಹೋಗುತ್ತಿದ್ದ ಸಣ್ಣ ಶಾಲೆಯಲ್ಲಿ ಒಬ್ಬರು ಆಯಾ ಇದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಹಳೆಯ ಕೊಡೆ ಇಟ್ಟುಕೊಂಡೇ ಓಡಾಡುವವರು. ಮಗಳಿಗೆ ಆಟಿಸಂ ಎಂದು ಡಾಕ್ಟರು ಹೇಳಿದ್ದರು. ಜೆಪ್ಪುವಿನ ನಮ್ಮ ನೆರೆಕರೆಯಲ್ಲಿ ಆ ಶಬ್ದವನ್ನು ಯಾರೂ ಕೇಳಿರಲಿಲ್ಲ. ಏಳು ವರ್ಷವಾದರೂ ಅವಳಿಗೆ ಮಾತಿಲ್ಲ, ಚಡ್ಡಿ ಒದ್ದೆಯಾಗದ ದಿನವಿಲ್ಲ. ನಾನು ಅವಳನ್ನು ಗದರಿದರೆ ಆಯಾ ನನ್ನನ್ನೇ ಗದರುತ್ತಿದ್ದರು: “ಅವಸರ ಎಂತ ಉಂಟು ಮಾರಾಯ್ರೆ?”

ದಿನವೂ ಹೊತ್ತಿಗೆ ಸರಿಯಾಗಿ ಅವಳನ್ನು ಕಕ್ಕಸಿಗೆ ಕರೆದೊಯ್ದು, ಕೊಡೆಯನ್ನು ಅಲ್ಲಿಯ ಮೊಳೆಗೆ ತೂಗುಹಾಕಿ, ಹೊರಗೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದರು. ಮೂರು ತಿಂಗಳಲ್ಲಿ ಶಾಲೆಯಲ್ಲಿ ಎಲ್ಲ ಸರಿಯಾಯಿತು. ಮನೆಯಲ್ಲಿ ಮಾತ್ರ ಅವಳು ಕಕ್ಕಸಿನ ಖಾಲಿ ಗೋಡೆ ನೋಡಿದ್ದೇ ಕಿರುಚಿ ಹೊರಗೋಡಿ ಬರುತ್ತಿದ್ದಳು.

ಆಯಾ ಒಂದು ದಿನ ಬಂದು ನೋಡಿದರು. “ಇಲ್ಲಿ ಕೊಡೆಯೇ ಇಲ್ಲ ಅಲ್ವಾ!”

ನಾನು ಜಂಭದಿಂದ ಆಗಲೇ ಹೊಸ ಕೊಡೆ ತಂದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮಗಳು ಅದನ್ನು ಅಂಗಳಕ್ಕೆ ಎಸೆದಳು. ಆಯಾ ನಗುತ್ತ ತಮ್ಮ ಹಳೆಯದನ್ನು ಮೊಳೆಗೆ ಹಾಕಿ, ಹೊಸದನ್ನು ಕಂಕುಳಿಗೆ ಸಿಕ್ಕಿಸಿ ಹೊರಟೇಬಿಟ್ಟರು. ಅಂದಿನಿಂದ ಮಗಳು ಸುಡುಬಿಸಿಲಿನಲ್ಲೂ ಆ ಹಳೆಯ ಕೊಡೆಯನ್ನು ಶಾಲೆಗೆ ಹೊತ್ತೊಯ್ದು, ಹೊತ್ತು ತಂದಳು.

ಒಂದು ಬೆಳಿಗ್ಗೆ ಪಣಂಬೂರಿನ ಕೆಲಸಕ್ಕೆ ಹೊತ್ತಾಯಿತೆಂದು ಕಕ್ಕಸಿನ ಬಾಗಿಲು ದಬದಬ ಬಡಿದೆ. ಒಳಗಿದ್ದವಳು ಮಗಳು. ಆಯಾ ಅವರ ರಾಗದಲ್ಲೇ ಉತ್ತರ ಬಂತು:

“ಅವಸರ ಎಂತ ಉಂಟು ಮಾರಾಯ್ರೆ?”